ಚಿಗರಿಯ ತನಕ ನಡೆಯುವ ಹಾದಿ

ಎಲ್ಲರಿಗೂ ನಮಸ್ಕಾರ. ಮುಂದೆ ಖುರ್ಚಿ ಖಾಲಿ ಇವೆ, ಹಿಂದೆ ನಿಂತವರು ಬನ್ನಿ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲೂ ಹಿಂದಿನ ಬೆಂಚಿಗೇ ಬೇಡಿಕೆ ಜಾಸ್ತಿ ಇತ್ತು. ಆದರೆ ಅವರು ಕೂತಾದರೂ ಇರುತ್ತಿದ್ದರು.

ಮುಂದಿನ ವಾರ ನಾವು ಪಾಲಿಕೆಗೆ ಅರ್ಜಿ ಕೊಡುತ್ತಿದ್ದೇವೆ. ಅದಕ್ಕೇ ಈ ಸಭೆ. ಮೂರು ವಿಷಯ ಬರೆದುಕೊಂಡು ಬಂದಿದ್ದೇನೆ: ಬಸ್ಸಿನ ಹಾದಿ, ನಾಲಾ, ವಾರ್ಡ್ ಸಮಿತಿ. ಇಪ್ಪತ್ತು ನಿಮಿಷ ಅಂದಿದ್ದಾರೆ. ನೋಡೋಣ.

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಬಗ್ಗೆ ಹುಬ್ಬಳ್ಳಿಯವರಿಗೆ ನಾನೇನು ಹೇಳಲಿ? 2018ರ ಅಕ್ಟೋಬರಿನಲ್ಲಿ ಅದು ಓಡಲು ಶುರುವಾದಾಗ, ಎ.ಸಿ. ತಂಪು ನೋಡಲೆಂದೇ ಧಾರವಾಡಕ್ಕೆ ಹೋಗಿ ಫೇಡೆ ತಂದವರು ಇಲ್ಲೇ ಕೂತಿದ್ದಾರೆ. ಸುಮಾರು 22 ಕಿಲೋಮೀಟರ್ ದಾರಿ, ಬಸ್ಸಿಗೇ ಮೀಸಲಾದ ಲೇನ್. ಹತ್ತಿ ಕೂತರೆ ಸುಖ. ಆದರೆ ಹತ್ತುವ ತನಕ? ನಮ್ಮ ಗಣಪತಿ ಗುಡಿಯಿಂದ ಚಿಗರಿ ನಿಲ್ಲುವ ಸ್ಟೇಷನ್ನಿಗೆ ನಾನು ಹೆಜ್ಜೆ ಎಣಿಸಿದ್ದೇನೆ. 940. ಅದರಲ್ಲಿ ಫುಟ್‌ಪಾತ್ ಮೇಲೆ ಇಡಬಹುದಾದವು 210. ಉಳಿದವನ್ನೆಲ್ಲ ರಸ್ತೆಯ ಮೇಲೆ, ಬೈಕುಗಳ ನಡುವೆ, ದೇವರ ಹೆಸರು ಹೇಳಿಕೊಂಡು ಇಡಬೇಕು.

ಹಿಟ್ಟಿನ ಗಿರಣಿಯ ತಿರುವಿನಲ್ಲಿ ಗಟಾರದ ಮೇಲಿನ ಫರ್ಸಿ ಕಲ್ಲು ಒಡೆದಿದೆ, ನೀವೆಲ್ಲ ದಾಟಿದ್ದೀರಿ. ಯಾರೋ ಪುಣ್ಯಾತ್ಮರು ಅದರೊಳಗೆ ಬೇವಿನ ಟೊಂಗೆ ಸಿಗಿಸಿದ್ದಾರೆ, ತುದಿಗೆ ಕೆಂಪು ಬಟ್ಟೆ. ಟೊಂಗೆ ಒಣಗಿದರೆ ಎರಡೇ ದಿನದಲ್ಲಿ ಹೊಸದು ಬರುತ್ತದೆ. ಕಲ್ಲು ಮಾತ್ರ ಬರುವುದಿಲ್ಲ.

ನನ್ನ ಪಕ್ಕದ ಮನೆಯ ಹುಡುಗಿ ಚಿಗರಿಯಲ್ಲೇ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಮಳೆಗಾಲ ಕಳೆಯಿತು, ಮನೆ ಮುಂದೆ ಸ್ಕೂಟಿ ಬಂದು ನಿಂತಿತು. ಯಾಕಪ್ಪಾ ಅಂತ ಅವಳ ಅಪ್ಪನನ್ನು ಕೇಳಿದೆ. "ಬಸ್ ಚಲೋ ಐತ್ರಿ ಅಕ್ಕೋರ. ಬಸ್ಸಿನ ತನಕ ಹೋಗೂದ ಕಷ್ಟ ಆಗೇತಿ" ಅಂದರು. ನಾನು ಹೇಳುವುದೂ ಇಷ್ಟೇ. ಬಸ್ ಓಡಿಸುವುದು ಸಾರಿಗೆ ಸಂಸ್ಥೆ. ಅದು ಪಾಲಿಕೆಯ ಕೈಯಲ್ಲಿಲ್ಲ. ಆದರೆ ಓಣಿಯ ಫುಟ್‌ಪಾತ್, ಗಟಾರ, ಬೀದಿದೀಪ? ಅವು ಪಾಲಿಕೆಯವೇ ಅಲ್ವಾ? ನಾವು ಹೋಗಿ "ಬಸ್ ಕೊಡ್ರಿ" ಅಂದರೆ ಅವರು ಬೇರೆ ಕಚೇರಿಯ ಕಡೆ ಕೈ ತೋರಿಸುತ್ತಾರೆ. "ಬಸ್ಸಿಗೆ ಹೋಗುವ ಹಾದಿ ಕೊಡ್ರಿ" ಅಂದರೆ ಯಾರ ಕಡೆ ತೋರಿಸುತ್ತಾರೆ?

ಇದನ್ನು ನಾನು ಪೆಟ್ಟು ತಿಂದೇ ಕಲಿತಿದ್ದು. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ಅರ್ಜಿ ಒಯ್ದಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ. ಒಂದೇ ಹಾಳೆ, ಏಳು ಬೇಡಿಕೆ. ಬಸ್ಸು, ಗಟಾರ, ಬೀದಿನಾಯಿ, ಮರದ ಟೊಂಗೆ, ಎಲ್ಲ ಅದರಲ್ಲೇ. ಅಕ್ಷರ ಮುತ್ತಿನಂತಿತ್ತು, ಅದನ್ನಂತೂ ಹೇಳಲೇಬೇಕು. ನಾಲ್ಕು ತಿಂಗಳು ಏನೂ ಇಲ್ಲ. ವಿಚಾರಿಸಲು ಹೋದರೆ ಮೇಜಿನ ಆಚೆ ಕೂತವನು ಎದ್ದು ನಿಂತ. ನನ್ನ ಹಳೆಯ ವಿದ್ಯಾರ್ಥಿ! ಕಟ್ಟು ಬಿಚ್ಚಿ ನನ್ನ ಹಾಳೆ ಹೊರಗೆ ತೆಗೆದ. ಅದರ ಮೇಲೆ ಚಹಾ ಕಪ್ಪಿನ ಗುಂಡಗಿನ ಕಲೆ. ಮೂರು ಟೇಬಲ್ ಸುತ್ತಿತ್ತಂತೆ, ಎಲ್ಲರೂ "ಇದು ನಮ್ಮ ವಿಭಾಗದ್ದಲ್ಲ" ಎಂದು ಬರೆದಿದ್ದರು. ಅವನು ತಲೆ ಕೆರೆದುಕೊಂಡು ಮೆಲ್ಲಗೆ ಅಂದ: "ಅಕ್ಕೋರ, ಒಂದು ಪ್ರಶ್ನೆಗೆ ಒಂದು ಉತ್ತರ ಬರೀರಿ ಅಂತ ನೀವ ಹೇಳ್ತಿದ್ರಿ. ಇದರಾಗ ಏಳು ಪ್ರಶ್ನೆ ಕೂಡಿಸಿ ಹಾಕೀರಿ." ಹತ್ತರಲ್ಲಿ ಎಷ್ಟು ಕೊಡುತ್ತೀಯಪ್ಪಾ ಅಂದೆ. ನಕ್ಕ. ಅಂಕ ಹೇಳಲಿಲ್ಲ. "ಇನ್‌ವರ್ಡ್ ನಂಬರ್ ಎಲ್ಲೈತ್ರಿ?" ಅಂತ ಕೇಳಿದ. ಅರ್ಜಿ ತೆಗೆದುಕೊಂಡಾಗ ಕಚೇರಿಯವರು ಹಾಕಿಕೊಡುವ ಆ ನಂಬರನ್ನು ನಾನು ಪಡೆದೇ ಇರಲಿಲ್ಲ. ನಲವತ್ತು ವರ್ಷ ಹಾಜರಿ ಹಾಕಿದವಳು ನನ್ನದೇ ಅರ್ಜಿಗೆ ಹಾಜರಿ ಹಾಕಿಸಿರಲಿಲ್ಲ.

ಹಾಗಾಗಿ ಈ ಸಲ ಒಂದು ಹಾಳೆಗೆ ಒಂದೇ ವಿಷಯ. ಎಲ್ಲಿ, ಎಷ್ಟು ಉದ್ದ, ಯಾವ ಕಂಬದ ಹತ್ತಿರ, ಜೊತೆಗೆ ಫೋಟೋ. ಇನ್ನೊಂದು ಪ್ರತಿಯ ಮೇಲೆ ಮುದ್ರೆ, ತಾರೀಖು, ಇನ್‌ವರ್ಡ್ ನಂಬರ್. ಅದು ಸಿಗುವ ತನಕ ಕೌಂಟರ್ ಬಿಟ್ಟು ಕದಲಬೇಡಿ.

ಇನ್ನು ನಾಲಾ. ಉಣಕಲ್ ಕೆರೆಯ ನೀರು ಊರೊಳಗೆ ಹಾಯುವ ನಾಲಾ ಯಾರಿಗೆ ಗೊತ್ತಿಲ್ಲ? ಅದರ ದಂಡೆಗೆ ಸೈಕಲ್ ದಾರಿ, ನಡೆಯುವ ದಾರಿ ಮಾಡುವ ಹಸಿರು ಕಾರಿಡಾರ್ ಯೋಜನೆ ಸ್ಮಾರ್ಟ್ ಸಿಟಿಯಲ್ಲಿ ಬಂತು. ಕಸ ಒಗೆಯುವ ಜಾಗವನ್ನೇ ನಡೆಯುವ ಜಾಗ ಮಾಡಬಹುದು ಅಂತ ಒಪ್ಪಿಕೊಂಡಂತೆ ಆಯಿತಲ್ಲ! ನಮ್ಮ ಓಣಿಯ ನಾಲಾಕ್ಕೂ ಅದೇ ನ್ಯಾಯ ಕೇಳೋಣ. ಸಣ್ಣ ಸೇತುವೆ ಕೆಳಗೆ ಪ್ಲಾಸ್ಟಿಕ್ ಸಿಕ್ಕಿಕೊಂಡರೆ ನೀರು ರಸ್ತೆಗೆ ಬರುತ್ತದೆ, ರಸ್ತೆಯಲ್ಲಿ ನೀರಿದ್ದರೆ ಸ್ಟೇಷನ್ನಿಗೆ ಹೋಗುವ ಹಾದಿ ಬಂದ್. ತಿರುಗಿ ತಿರುಗಿ ಅಲ್ಲಿಗೇ ಬಂದೆ, ನೋಡಿ. ಮತ್ತೆ, ದಂಡೆಯ ಮೇಲೆ ಬೆಳಿಗ್ಗೆ ಕಸಕ್ಕೆ ಬೆಂಕಿ ಇಡುವವರಿಗೂ ಒಂದು ಮಾತು. 2016ರ ಘನತ್ಯಾಜ್ಯ ನಿಯಮದಲ್ಲೇ ಬಯಲಲ್ಲಿ ಕಸ ಸುಡಬಾರದು ಎಂದಿದೆ. ಇಡುವವರು ಹೊರಗಿನವರಲ್ಲ. ಹೆಸರು ಹೇಳುವುದಿಲ್ಲ, ಒಬ್ಬರು ಈಗಲೇ ಕೆಳಗೆ ನೋಡುತ್ತಿದ್ದಾರೆ.

ಚೀಟಿ ಬಂತು. ಎರಡು ನಿಮಿಷವಂತೆ. ಮಂಡಕ್ಕಿ ಒಗ್ಗರಣೆಯ ವಾಸನೆ ನನಗೂ ಬರುತ್ತಿದೆ.

ವಾರ್ಡ್ ಸಮಿತಿ ಬಗ್ಗೆ ಬರೆದದ್ದು ನಾಲ್ಕು ಪುಟ. ಒಂದೇ ಮಾತು ಹೇಳುತ್ತೇನೆ. ಮೂರು ಲಕ್ಷ, ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ಹೇಳಿದೆ. ನಮ್ಮ ಅವಳಿ ನಗರ 2011ರಲ್ಲೇ ಒಂಬತ್ತು ಲಕ್ಷ ದಾಟಿತ್ತು. ನಮ್ಮ ವಾರ್ಡಿನ ಸಮಿತಿ ಎಲ್ಲಿದೆ, ಯಾವಾಗ ಸೇರುತ್ತದೆ? ಇದಕ್ಕೂ ಬೇರೆ ಹಾಳೆ, ಬೇರೆ ನಂಬರ್.

ಭಾನುವಾರ ಬೆಳಿಗ್ಗೆ ಏಳಕ್ಕೆ ಗುಡಿ ಮುಂದೆ ಸೇರೋಣ. ಅಳತೆ ಟೇಪ್ ನನ್ನ ಹತ್ತಿರ ಇದೆ. ಬರೆದುಕೊಳ್ಳಲು ಒಬ್ಬರು, ಫೋಟೋ ತೆಗೆಯಲು ಒಬ್ಬರು ಬೇಕು. ಅಲ್ಲಿಯ ತನಕ ಆ ಬೇವಿನ ಟೊಂಗೆಯನ್ನು ಯಾರೂ ಕೀಳಬೇಡಿ. ಫೋಟೋದಲ್ಲಿ ಅದು ಬರಬೇಕು.