ಕೇಪಿನ ಕೋವಿಯ ನಳಿಗೆ ಎಷ್ಟು ದಪ್ಪವಿರಬೇಕು?

ಕೇಳುಗರಿಗೆ ನಮಸ್ಕಾರ.

ಬಾಯಿಯ ಕಡೆಯಿಂದ ಮದ್ದನ್ನೂ ಚರೆಯನ್ನೂ (ಸಣ್ಣ ಗುಂಡುಗಳನ್ನೂ) ತುಂಬಿ ಗಜವೆಂಬ ಕೋಲಿನಿಂದ ಜಡಿದು, ಕೇಪು ಎಂಬ ಪುಟ್ಟ ಸಿಡಿಟೋಪಿಯಿಂದ ಹೊತ್ತಿಸುವ ಕೇಪಿನ ಕೋವಿಗಳು ಕೊಡಗಿನ ಐನ್‌ಮನೆಗಳಲ್ಲಿಯೂ (ಕುಲದ ಮೂಲಮನೆಗಳಲ್ಲಿಯೂ) ಮಲೆನಾಡಿನ ತೋಟದ ಮನೆಗಳಲ್ಲಿಯೂ ಇಂದಿಗೂ ಉಳಿದಿವೆ. ಇವುಗಳ ನಳಿಗೆ ಎಷ್ಟು ದಪ್ಪವಿದ್ದರೆ ಅಪಾಯವಿಲ್ಲ ಎಂದು ಕೇಳುವವರು ಸಾಮಾನ್ಯವಾಗಿ ಒಂದೇ ಒಂದು ಅಳತೆಯನ್ನು ನಿರೀಕ್ಷಿಸುತ್ತಾರೆ. ಆದರೆ ಎಲ್ಲಿ ಅಳೆದದ್ದು, ಯಾವ ಲೋಹದಲ್ಲಿ ಅಳೆದದ್ದು ಎಂಬುದನ್ನು ಬಿಟ್ಟು ಹೇಳಿದ ಅಳತೆಗೆ ಅರ್ಥವಿಲ್ಲ.

ಮದ್ದು ಹೊತ್ತಿಕೊಂಡಾಗ ಅನಿಲದ ಒತ್ತಡವು ನಳಿಗೆಯ ಬುಡದ ಮೊದಲ ಕೆಲವು ಅಂಗುಲಗಳಲ್ಲಿಯೇ ಶಿಖರಕ್ಕೇರಿ, ಚರೆ ಮುಂದೆ ಸಾಗಿದಂತೆ ಇಳಿಯುತ್ತದೆ. ಆದ್ದರಿಂದಲೇ ನಳಿಗೆಯು ಬುಡದಲ್ಲಿ ಹಲವು ಮಿಲಿಮೀಟರ್ ದಪ್ಪವಿದ್ದು ಬಾಯಿಯತ್ತ ತೆಳುವಾಗುತ್ತದೆ. ತೆಳು ಗೋಡೆಯ ನಳಿಗೆಯಲ್ಲಿ, ಒತ್ತಡ ಅಷ್ಟೇ ಇದ್ದು ದಪ್ಪ ಅರ್ಧವಾದರೆ ಲೋಹದ ಮೇಲಿನ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹನ್ನೆರಡು ಬೋರಿನ, ಅಂದರೆ ಸುಮಾರು 18.5 ಮಿಲಿಮೀಟರ್ ಒಳವ್ಯಾಸದ ತೋಟಾ ಕೋವಿಗಳಲ್ಲಿ ಅತ್ಯಂತ ತೆಳುವಾದ ಮುಂಭಾಗವೂ ಅಂಗುಲದ ಸಾವಿರ ಭಾಗಗಳಲ್ಲಿ ಇಪ್ಪತ್ತಕ್ಕಿಂತ, ಅಂದರೆ ಸುಮಾರು ಅರ್ಧ ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂಬುದು ಇಂಗ್ಲೆಂಡಿನ ಕೋವಿ ಕೆಲಸಗಾರರ ವಾಡಿಕೆಯ ಮಿತಿ. ಅದು ಮುಂಭಾಗದ ಮಾತು. ಅದೇ ಅರ್ಧ ಮಿಲಿಮೀಟರು ಬುಡದಿಂದ ಒಂದು ಗೇಣಿನೊಳಗೆ ಕಂಡುಬಂದರೆ ಆ ನಳಿಗೆ ಕೈಗೂ ಕಣ್ಣಿಗೂ ಕುತ್ತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಕಾಯಿಸಿ ಬೆಸೆದ ಡಮಾಸ್ಕಸ್ ನಳಿಗೆಗಳಿಗೆ ಇನ್ನೂ ಹೆಚ್ಚಿನ ದಪ್ಪ ಬೇಕು, ಏಕೆಂದರೆ ಅಲ್ಲಿ ಪ್ರತಿ ಸುತ್ತಿಗೂ ಒಂದು ಬೆಸುಗೆಯಿದೆ.

ಹಳೆಯ ಕೋವಿಗೆ ನಿಜವಾದ ಶತ್ರು ತುಕ್ಕು. ಕರಿಮದ್ದಿನ ಮಸಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ಮಡಿಕೇರಿ, ಆಗುಂಬೆಗಳ ಮಳೆಗಾಲದಲ್ಲಿ ಇದರ ಪರಿಣಾಮ ಎಷ್ಟಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಸಿ ಹೆಚ್ಚು ಕೂರುವುದು ನಳಿಗೆಯ ಹಿಂತುದಿಯನ್ನು ಮುಚ್ಚುವ ಬುಡದ ತಿರುಪಿನ ಮೂಲೆಯಲ್ಲಿ, ಒತ್ತಡ ಅತಿಯಾಗಿರುವ ಜಾಗದಲ್ಲಿಯೇ. ಹೊರಗಿನಿಂದ ನಾಲ್ಕು ಮಿಲಿಮೀಟರ್ ಕಾಣುವ ಗೋಡೆಯಲ್ಲಿ ಒಂದು ಮಿಲಿಮೀಟರ್ ಆಳದ ಗುಳಿಯಿದ್ದರೆ ಉಳಿದದ್ದು ಮೂರೇ. ತಿರುಪಿಗಾಗಿ ಕೊರೆದ ಗೆರೆಗಳು ಅದರಲ್ಲಿಯೂ ಪಾಲು ತೆಗೆದಿರುತ್ತವೆ. ಗುಳಿ ಹೋಗಲೆಂದು ಒಳಗೆ ಉಜ್ಜಿ ಹೊಳಪಿಸಿದ ನಳಿಗೆ ನೋಡಲು ಚೆಂದ, ಆದರೆ ಮೊದಲಿಗಿಂತ ತೆಳು. ಇದಲ್ಲದೆ ಒಳರಂಧ್ರವು ನಡುವಿನಿಂದ ಸರಿದು, ಒಂದು ಮಗ್ಗುಲು ದಪ್ಪವಾಗಿಯೂ ಇನ್ನೊಂದು ತೆಳುವಾಗಿಯೂ ಇರುವುದುಂಟು. ಆದ್ದರಿಂದ ಉದ್ದಕ್ಕೂ ಹಲವೆಡೆ, ಪ್ರತಿಯೊಂದೆಡೆಯೂ ಸುತ್ತಲೂ ಅಳೆಯಬೇಕು. ಬಾಯಿಯ ಅಂಚಿಗೆ ಮಾತ್ರ ಮಾಪಕ ಹಿಡಿದರೆ ಏನೂ ತಿಳಿಯುವುದಿಲ್ಲ.

ನಳಿಗೆಯನ್ನು ಮರದಿಂದ ಬಿಡಿಸಿದಾಗ ಅಡಿಭಾಗದಲ್ಲಿ ಪರೀಕ್ಷಾ ಮುದ್ರೆಗಳು ಕಾಣಬಹುದು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯಿದೆಯಿಂದ ಸ್ಥಾಪನೆಯಾಯಿತು. ಈ ಎರಡೂ ಕಡೆ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಉಬ್ಬಾಗಲಿ ಬಿರುಕಾಗಲಿ ಇಲ್ಲವೆಂದು ಕಂಡ ಮೇಲೆ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಯನ್ನು ನಾನು ಬಹಳ ಗೌರವಿಸುತ್ತೇನೆ. ಆದರೂ ಅದು ಪರೀಕ್ಷೆಯ ದಿನದ ನಳಿಗೆಗೆ ಸಾಕ್ಷಿಯೇ ಹೊರತು, ಆಮೇಲಿನ ತುಕ್ಕಿಗಲ್ಲ. ನೀರಿನ ಕೊಳವೆಯಂಥವುಗಳಿಂದ ಮಾಡಿದ ನಾಡಕೋವಿಗಳಿಗೆ ಅಷ್ಟು ಸಾಕ್ಷಿಯೂ ಇಲ್ಲ. ಅವು ಎಷ್ಟೇ ದಪ್ಪವಿರಲಿ, ನಂಬತಕ್ಕವಲ್ಲ.

ದಪ್ಪವೂ ಕಾಯಲಾರದ ಸಂದರ್ಭಗಳಿವೆ. ಕರಿಮದ್ದಿನ ಬದಲು ತೋಟಾದ ಹೊಗೆರಹಿತ ಮದ್ದು ಹಾಕಿದರೆ, ಚರೆ ಮದ್ದಿಗೆ ತಾಗದೆ ನಡುವೆಯೇ ನಿಂತರೆ, ಕಣಜ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿದ್ದರೆ, ಗಟ್ಟಿ ನಳಿಗೆಯೂ ಉಬ್ಬಬಹುದು ಅಥವಾ ಸೀಳಬಹುದು. ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವನ್ನು, ತೆಂಗಿನಕಾಯಿಗೆ ಗುರಿಯಿಡುವ ಮೊದಲು ತಪ್ಪದೆ ತೆಗೆಯಬೇಕು.

ಕೋವಿಯನ್ನು ಮರಕ್ಕೆ ಕಟ್ಟಿ, ಎರಡರಷ್ಟು ಮದ್ದು ಹಾಕಿ, ದೂರದಿಂದ ದಾರ ಎಳೆದು ಪರೀಕ್ಷಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಒಡೆಯದೆ ಉಳಿದ ನಳಿಗೆಯಲ್ಲಿಯೂ ಕಣ್ಣಿಗೆ ಕಾಣದ ಬಿರುಕು ಆಗಲೇ ಆರಂಭವಾಗಿರಬಹುದು, ಮುಂದಿನ ಸಾಧಾರಣ ಈಡಿಗೇ ಅದು ತೆರೆದುಕೊಳ್ಳಬಹುದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿಯನ್ನು ರಿಪೇರಿ ಮಾಡುವವರಿಗೂ ಪರೀಕ್ಷಿಸುವವರಿಗೂ ಪರವಾನಗಿ ಬೇಕು. ಅಂಥ ಕೆಲಸಗಾರರಿಂದ ಬುಡದ ತಿರುಪು ಬಿಚ್ಚಿಸಿ, ಒಳಗೆ ಬೆಳಕು ಹಾಯಿಸಿ ಅಳತೆ ಮಾಡಿಸುವ ತನಕ ಹಳೆಯ ಕೋವಿಗೆ ಮದ್ದು ತುಂಬಬೇಡಿ.