ಬಗಲಿಗೊಂದು ಪುಟ್ಟ ಚೀಲ

ಕೇಳುಗರಿಗೆ ಶರಣು ಶರಣಾರ್ಥಿ.

ಮೊದಲು ನಾನು ಪೇಚಿಗೆ ಬಿದ್ದ ಕಥೆ ಹೇಳಿಬಿಡುತ್ತೇನೆ. ಮಗಳಿಗೆ ಆಗ ಏಳು ತಿಂಗಳು. ಏಪ್ರಿಲ್ ಬಿಸಿಲು. ಕಲಬುರಗಿಯಿಂದ ಬೀದರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಜೊತೆಗೆ ಒಂದು ದೊಡ್ಡ ಡೈಪರ್ ಬ್ಯಾಗ್, ಆನ್‌ಲೈನಿನಲ್ಲಿ ತರಿಸಿದ್ದು. ಹದಿನೆಂಟು ಖಾನೆ ಇವೆ ಅಂತ ಬರೆದಿತ್ತು. ನಾನು ಹದಿನೆಂಟನ್ನೂ ತುಂಬಿದ್ದೆ!

ಕಮಲಾಪುರ ದಾಟಿತ್ತೋ ಇಲ್ಲವೋ, ಮಗಳು ಕೆಲಸ ಕೊಟ್ಟಳು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಜಿಪ್ಪು. ಜಿಪ್ಪು ಅರ್ಧ ದಾರಿಯಲ್ಲಿ ಒಳಗಿನ ಬಟ್ಟೆ ಕಚ್ಚಿಕೊಂಡು ನಿಂತಿತು. ಹೇಗೋ ಎಳೆದು ತೆಗೆದೆ. ಮೊದಲು ಬಂದದ್ದು ಸ್ವೆಟರ್. ಏಪ್ರಿಲ್‌ನಲ್ಲಿ! ಆಮೇಲೆ ಎರಡು ಗಿಲಕಿ, ಪೌಡರ್ ಡಬ್ಬಿ, ನನ್ನ ಫೋನಿನ ಚಾರ್ಜರ್. ಡೈಪರ್ ಮಾತ್ರ ತಳದಲ್ಲಿ, ಸೋರಿದ ಕೊಬ್ಬರಿ ಎಣ್ಣೆ ಕುಡಿದು ಕೂತಿತ್ತು. ಪಕ್ಕದ ಸೀಟಿನ ಆಯಿ ತಮ್ಮ ಸಣ್ಣ ಕೈಚೀಲಕ್ಕೆ ಕೈ ಹಾಕಿ, ನೋಡದೆಯೇ ಒಂದು ಹಳೇ ಧೋತರದ ತುಂಡು ತೆಗೆದುಕೊಟ್ಟರು. "ತಗೋ ಯವ್ವಾ. ಇಷ್ಟು ದೊಡ್ಡ ಚೀಲದಾಗ ಒಂದು ಅರಿವಿ ಸಿಗವಲ್ದೇನು ನಿನಗ?" ಅಂದರು.

ಆ ಮಾತು ನಾಟಿತು. ಆಯಿಗೆ ತಮ್ಮ ಚೀಲದಲ್ಲಿ ಏನು ಎಲ್ಲಿದೆ ಅಂತ ಕೈಗೇ ಗೊತ್ತಿತ್ತು. ನನಗೆ ಕಣ್ಣಿಟ್ಟು ಹುಡುಕಿದರೂ ಸಿಗಲಿಲ್ಲ. ವಾಪಸ್ ಬಂದ ಮೇಲೆ ಸಣ್ಣ ಚೀಲ ಹುಡುಕಿಕೊಂಡು ಸೂಪರ್ ಮಾರ್ಕೆಟ್‌ಗೆ ಹೋದೆ. ಈ ಸಲ ಮಗಳನ್ನು ಎತ್ತಿಕೊಂಡೇ ಹೋದೆ. ಡೈಪರ್ ಚೀಲ ಕೊಳ್ಳುವಾಗ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಎರಡು ಕೈ ಖಾಲಿ ಇದ್ದರೆ ಎಲ್ಲ ಚೀಲವೂ ಚೆನ್ನಾಗಿಯೇ ತೆರೆಯುತ್ತದೆ. ಮಗು ಇನ್ನೂ ಹುಟ್ಟಿಲ್ಲವೇ? ಐದು ಕಿಲೋ ತೊಗರಿ ಬೇಳೆ ಕೊಂಡು ಕಂಕುಳಲ್ಲಿ ಇಟ್ಟುಕೊಂಡು ಹೋಗಿ. ಒಂದೇ ಕೈಯಲ್ಲಿ ಜಿಪ್ಪು ತೆಗೆಯಿರಿ, ಹಾಕಿರಿ. ಅಂಗಡಿಯವರು ನಗುತ್ತಾರೆ. ನಗಲಿ.

ಅಳತೆಗೆ ಬಂದರೆ, ಎಂಟು ಹತ್ತು ಲೀಟರ್ ಹಿಡಿಯುವ ಚೀಲ ಅರ್ಧ ದಿನದ ಓಡಾಟಕ್ಕೆ ಸಾಕು. ದೊಡ್ಡ ಹುಡುಗರ ಶಾಲೆ ಬ್ಯಾಗಿನ ಅರ್ಧದಷ್ಟು ಅಂದುಕೊಳ್ಳಿ. ಖಾಲಿ ಚೀಲವೇ ಒಂದು ಕಿಲೋ ತೂಗಿದರೆ ಅಲ್ಲೇ ಬಿಟ್ಟು ಬನ್ನಿ. ಒಳಗಿನ ಅಸ್ತರಿನ ಬಣ್ಣ ನೋಡಿ. ಇದನ್ನು ಯಾರೂ ಹೇಳುವುದಿಲ್ಲ. ಒಳಗೆ ಕಪ್ಪು ಬಟ್ಟೆ ಇದ್ದರೆ ಸಂಜೆ ಬಸ್ಸಿನ ಮಬ್ಬು ಬೆಳಕಲ್ಲಿ ಬಿಳೀ ಡೈಪರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ತಿಳಿ ಬಣ್ಣ, ಒದ್ದೆ ಬಟ್ಟೆಯಿಂದ ಒರೆಸಿದರೆ ಸ್ವಚ್ಛವಾಗುವಂಥದ್ದು ಇರಲಿ. ಇನ್ನು ಚರ್ಮದಂತೆ ಹೊಳೆಯುವ ರೆಕ್ಸಿನ್ ಚೀಲ. ನೋಡಲು ಚೆಂದ, ಸರಿ. ಆದರೆ ನಮ್ಮಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಆ ಕಾವಿಗೆ ಮೇಲಿನ ಪದರ ಬೇಗ ಹಪ್ಪಳದ ಹಾಗೆ ಏಳುತ್ತದೆ. ನೀರು ಹೀರದ ನೈಲಾನ್ ಅಥವಾ ಗಟ್ಟಿ ಕ್ಯಾನ್ವಾಸ್ ಒಳ್ಳೆಯದು.

ಚೆಂದ ಯಾಕೆ ಬೇಕು ಅಂತ ನಮ್ಮ ಅತ್ತೆ ಕೇಳಿದ್ದರು. ಬೇಕು ಅತ್ತೀ. ಮದುವೆಗೆ ರೇಷ್ಮೆ ಸೀರೆ ಉಟ್ಟು, ಬಗಲಿಗೆ ಕರಡಿಮರಿ ಚಿತ್ರದ ಗುಲಾಬಿ ಗಂಟು ಹಾಕಿಕೊಂಡು ಎಷ್ಟು ದಿನ ಅಂತ ಓಡಾಡುವುದು? ಅದೂ ಅಲ್ಲದೆ, ಕರಡಿಮರಿ ಇದ್ದರೆ ನಮ್ಮ ಮನೆಯವರು ಚೀಲ ಮುಟ್ಟುವುದಿಲ್ಲ. ಸಾದಾ ಬೂದು ಬಣ್ಣದ, ಬೆನ್ನಿಗೆ ಹಾಕುವ ಚೀಲ ತಂದೆ. ಅವತ್ತಿನಿಂದ ಅದು ಅವರ ಬೆನ್ನ ಮೇಲೆ.

ಈಗ ತುಂಬುವ ವಿಷಯ. ಮೂರು ತಾಸಿಗೊಂದು ಡೈಪರ್ ಲೆಕ್ಕ ಹಾಕಿ, ಮೇಲೆ ಎರಡು ಇಡಿ. ಅಷ್ಟೇ. ಎಳೆ ಕೂಸಾದರೆ ಇನ್ನೂ ಜಾಸ್ತಿ ಬೇಕು. ಆದರೆ ಬಿಡಿಬಿಡಿಯಾಗಿ ಇಡಬೇಡಿ. ನಾನು ಮೆತ್ತನೆಯ ಹಳೇ ಸೀರೆ ತುಂಡು ಹಾಸಿ, ಅದರ ಮೇಲೆ ಒಂದು ಡೈಪರ್, ನಾಲ್ಕು ಒದ್ದೆ ಒರೆಸುಬಟ್ಟೆ ಹಾಕಿದ ಸಣ್ಣ ಪ್ಯಾಕೆಟ್, ಒಂದು ಹಳೇ ಪೇಪರ್ ಇಟ್ಟು, ರೊಟ್ಟಿಯಲ್ಲಿ ಪಲ್ಯ ಸುತ್ತಿದ ಹಾಗೆ ಸುತ್ತುತ್ತೇನೆ. ಒಂದು ಸುರುಳಿ ಅಂದರೆ ಒಂದು ಸಲದ ಕೆಲಸ. ಕತ್ತಲಲ್ಲಿ ಕೈ ಹಾಕಿದರೂ ಸಿಗುತ್ತದೆ. ಬಟ್ಟೆ ಕೆಳಗೆ ಹಾಸಲು. ಪೇಪರ್ ಬಳಸಿದ್ದನ್ನು ಕಟ್ಟಲು. ಹಾಗೆ ಕಟ್ಟದೆ ಡೈಪರ್ ಎಸೆಯಬಾರದು ಅಂತ ಸರ್ಕಾರದ ಕಸದ ನಿಯಮವೇ ಹೇಳುತ್ತದೆ. ಬಸ್ಸಿನ ಕಿಟಕಿಯಿಂದ ಎಸೆಯುವವರಿಗೆ ಏನು ಹೇಳಲಿ!

ಬಟ್ಟೆ ಅಂದಾಗ ನೆನಪಾಯಿತು. ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ, ಮಗುವಿನ ಹಾಸಿಗೆ ತೊಯ್ಯುವುದನ್ನು ನೋಡಿ ಬೇಸತ್ತು, ಬಚ್ಚಲಿನ ಪ್ಲಾಸ್ಟಿಕ್ ಪರದೆ ಕತ್ತರಿಸಿ ಲಂಗೋಟಿಯ ಮೇಲೆ ಹಾಕುವ ಕವಚ ಹೊಲಿದರು. ಪಿನ್ನಿನ ಬದಲು ಒತ್ತುಗುಂಡಿ ಹಚ್ಚಿದರು. 1951ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮಲ್ಲಿ ಕೌದಿ ಹೊಲಿಯುವವರು ಇದ್ದಾರಲ್ಲ, ಅವರ ಹತ್ತಿರ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಗೇಣುಗೇಣಿನ ಪುಟ್ಟ ಕೌದಿ ಹೊಲಿಸಿಕೊಂಡೆ. ಮಡಿಚಿದರೆ ಚೀಲದ ಬೆನ್ನಿಗೆ ಅಂಟಿ ಕೂರುತ್ತದೆ.

ಬಾಟಲಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಚೀಲಗಳಲ್ಲಿ ಬೆಳ್ಳಿಯಂಥ ಹಾಳೆ ಹಚ್ಚಿದ ಖಾನೆ ಇರುತ್ತದೆ. ಹಾಲು ಬೆಚ್ಚಗಿರುತ್ತದೆ ಅಂತ ಖುಷಿಪಡುತ್ತೇವೆ. ಉಗುರುಬೆಚ್ಚಗಿನ ಹಾಲು ಅಂದರೆ ರೋಗಾಣುಗಳಿಗೆ ಹಬ್ಬದೂಟ. ಡಾಕ್ಟರ್ ಹೇಳಿ ಪುಡಿ ಹಾಲು ಕೊಡುತ್ತಿದ್ದರೆ, ಪುಡಿಯನ್ನು ಒಣ ಡಬ್ಬಿಯಲ್ಲಿ, ಕುದಿಸಿದ ನೀರನ್ನು ಥರ್ಮಾಸಿನಲ್ಲಿ ಬೇರೆಬೇರೆ ಒಯ್ಯಿರಿ. ನೀರು 70 ಡಿಗ್ರಿಗಿಂತ ತಣ್ಣಗಿರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇಕಾದಾಗ ಕಲಸಿ, ಆರಿಸಿ, ಆಗಲೇ ಕುಡಿಸಿ. ಉಳಿದದ್ದನ್ನು ಚೆಲ್ಲಿಬಿಡಿ. ಎದೆಹಾಲು ಕುಡಿಯುವ ಆರು ತಿಂಗಳೊಳಗಿನ ಕೂಸಿಗೆ ಈ ತಾಪತ್ರಯವೇ ಇಲ್ಲ. ಎಂಥ ಬೇಸಿಗೆಯಲ್ಲೂ ಅದಕ್ಕೆ ಬೇರೆ ನೀರು ಬೇಡ. ಆ ನೀರಿನ ಬಾಟಲಿ ತಾಯಿಗೆ ಇರಲಿ.

ಇನ್ನೊಂದು ಜೊತೆ ಬಟ್ಟೆ, ತಲೆಗೆ ಕುಂಚಿಗಿ, ಎಣ್ಣೆ ಬೇಕೆಂದರೆ ತಿರುಪಿನ ಮುಚ್ಚಳದ ಬೆರಳುದ್ದದ ಡಬ್ಬಿ, ತಾಯಿ ಕಾರ್ಡಿನ ಜೆರಾಕ್ಸ್. ಸ್ವೆಟರ್ ಬೇಡ. ಮನೆಗೆ ಬಂದ ಕೂಡಲೇ, ಚಪ್ಪಲಿ ಬಿಟ್ಟ ಕೂಡಲೇ, ಹೊಸ ಸುರುಳಿ ಸುತ್ತಿ ಹಾಕಿ. ನಾಳೆ ಹಾಕೋಣ ಅಂದರೆ ಕೆಟ್ಟಿತು.

ಮಗಳ ಒಂಬತ್ತು ತಿಂಗಳ ಲಸಿಕೆಯ ದಿನ ನಮ್ಮ ಮನೆಯವರು ಕಚೇರಿಯಿಂದ ಫೋನ್ ಮಾಡಿದರು. "ನನ್ನ ಬ್ಯಾಗಿನಾಗ ಡಬ್ಬಿ ಇಲ್ಲ. ಡೈಪರ್ ಅದ!" ಅಂದರು. ಅವರ ಚೀಲವೂ ಬೂದು ಬಣ್ಣದ್ದೇ. ನಾನು ಅಷ್ಟರಲ್ಲಿ ಕಾಯಿಪಲ್ಯೆ ತರುವ ಕೈಚೀಲಕ್ಕೆ ಮೂರು ಸುರುಳಿ ಹಾಕಿಕೊಂಡು ಆಟೋದಲ್ಲಿ ಕೂತಿದ್ದೆ.

ನಮಸ್ಕಾರ.