ದಿನಾ ವಿಡಿಯೋ ಕಾಲ್ ಬೇಡ, ಮನೆಯ ಒಂದು ಕೆಲಸ ಕೈಯಲ್ಲಿರಲಿ

ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯಿಂದ ಓದೋಕೆ, ಕೆಲಸಕ್ಕೆ ಅಂತ ಹೊರದೇಶಕ್ಕೆ ಹೊರಟಿರೋರಿಗೆ ಇವತ್ತಿನ ಮಾತು. ವೀಸಾ, ಟಿಕೆಟ್, ಫಾರೆಕ್ಸ್ ಕಾರ್ಡ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಮನೆಯವರನ್ನ, ಸ್ನೇಹಿತರನ್ನ ಬಿಟ್ಟು ಹೇಗಪ್ಪಾ ಇರೋದು ಅಂತ ಕೇಳಿದ್ರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಅದಕ್ಕೇನು, ದಿನಾ ವಿಡಿಯೋ ಕಾಲ್ ಮಾಡಬಹುದಲ್ಲ!’ ಇದನ್ನ ನಾನು ಒಪ್ಪಲ್ಲ.

ದಿನಾ ವಿಡಿಯೋ ಕಾಲ್ ನಡೆಯೋ ಮನೆಗಳಲ್ಲಿ ಏನಾಗುತ್ತೆ ನೋಡಿ. ಮೊದಲ ಎರಡು ವಾರ ಮಾತಿಗೆ ಬರ ಇಲ್ಲ. ರೂಮು ತೋರ್ಸೋದು, ಅಡುಗೆಮನೆ ತೋರ್ಸೋದು, ಕಿಟಕಿ ಆಚೆ ರಸ್ತೆ ತೋರ್ಸೋದು. ಆಮೇಲೆ ಉಳಿಯೋದು ‘ಊಟ ಆಯ್ತಾ’, ‘ಆಯ್ತು’, ‘ಚಳಿ ಇದ್ಯಾ’, ‘ಇದೆ’. ಒಂದು ದಿನ ತಪ್ಪಿದ್ರೆ ಊರಲ್ಲಿ ಅಮ್ಮನಿಗೆ ನಿದ್ದೆ ಇಲ್ಲ, ಅಲ್ಲಿ ಮಗಳಿಗೆ ಏನೋ ತಪ್ಪು ಮಾಡಿದೆ ಅನ್ನೋ ಕಸಿವಿಸಿ. ಆರು ತಿಂಗಳಲ್ಲಿ ಅದು ಬರೀ ಹಾಜರಿ ಹಾಕೋ ಶಾಸ್ತ್ರ ಆಗಿರುತ್ತೆ.

ಇದಕ್ಕೆ ಪ್ರೀತಿ ಕಮ್ಮಿಯಾಗಿದ್ದು ಕಾರಣ ಅಲ್ಲ. ನಮ್ಮ ಕಡೆ ಮನೆಯವರು ಎದುರುಬದುರು ಕೂತು ‘ಈಗ ಮಾತಾಡೋಣ’ ಅಂತ ಮಾತಾಡಿದ್ದೇ ಅಪರೂಪ. ಮಾತು ಬರ್ತಿದ್ದದ್ದು ಕೆಲಸದ ನಡುವೆ. ಕಣದಲ್ಲಿ ಕಾಫಿ ಹರಡುವಾಗ, ಅಡಿಕೆ ಸುಲಿಯುವಾಗ, ಡೈರಿಗೆ ಹಾಲು ಹಾಕಿ ಬರುವಾಗ, ಅಕ್ಕಿರೊಟ್ಟಿ ತಟ್ಟುವಾಗ. ಆ ಕೆಲಸದಿಂದ ನೀವು ಹೊರಗಾದ್ರೆ ಮಾತಿಗೂ ನೆಲೆ ಇರಲ್ಲ. ಅದಕ್ಕೇ ನಾನು ಹೇಳೋದು, ಹೋಗುವಾಗ ಮನೆಯ ಒಂದು ನಿಜವಾದ ಕೆಲಸ ಜೊತೆಗೆ ತಗೊಂಡು ಹೋಗಿ. ನೀವು ಮಾಡದಿದ್ರೆ ನಿಂತುಹೋಗೋ ಕೆಲಸ ಆಗಿರಬೇಕು, ಸುಮ್ನೆ ತೋರಿಕೆಗೆ ಅಲ್ಲ.

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಯಾದ್ರೆ ಮಳೆ ಲೆಕ್ಕ ನೀವು ಇಟ್ಕೊಳ್ಳಿ. ಅಂಗಳದಲ್ಲಿ ಮಳೆಮಾಪಕ ಇರುತ್ತೆ. ಬೆಳಿಗ್ಗೆ ಅಪ್ಪ ನೀರನ್ನ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಬರೀತಾರೆ. ಲೆಕ್ಕ ಇಂಚು, ಸೆಂಟಲ್ಲಿ. ನೂರು ಸೆಂಟಿಗೆ ಒಂದಿಂಚು. ಹಳೇ ಡೈರಿಗಳ ಪುಟಗಳನ್ನ ಹೊರಡೋ ಮುಂಚೆ ಫೋಟೋ ಹೊಡ್ಕೊಳ್ಳಿ, ಅಲ್ಲಿಗೆ ಹೋಗಿ ನಿಧಾನಕ್ಕೆ ಗೂಗಲ್ ಶೀಟಿಗೆ ತುಂಬಿ. ಅಪ್ಪ ದಿನಾ ವಾಟ್ಸಾಪಿಗೆ ಬರೀ ಒಂದು ಸಂಖ್ಯೆ ಹಾಕಿದ್ರೆ ಸಾಕು. ಮಾರ್ಚ್ ಕೊನೆಯಲ್ಲಿ ‘60 ಸೆಂಟ್’ ಅಂತ ಬಂದಾಗ ಮಾತು ತಾನಾಗಿ ಹುಟ್ಟುತ್ತೆ. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಒಂದಿಂಚಿನ ಆಸುಪಾಸು ಬೀಳದಿದ್ರೆ ಮೊಗ್ಗು ಸರಿಯಾಗಿ ಅರಳಲ್ಲ. ಸ್ಪ್ರಿಂಕ್ಲರ್ ಓಡಿಸಬೇಕಾ, ಕೆರೆಯಲ್ಲಿ ನೀರೆಷ್ಟಿದೆ, ಪಕ್ಕದ ತೋಟಕ್ಕೆ ಎಷ್ಟು ಬಿತ್ತು, ಹೋದ ವರ್ಷ ಇದೇ ವಾರ ಎಷ್ಟಿತ್ತು. ಕೊನೇ ಪ್ರಶ್ನೆಗೆ ಉತ್ತರ ನಿಮ್ಮ ಶೀಟಲ್ಲೇ ಇರುತ್ತೆ. ಅಪ್ಪ ನಿಮ್ಮನ್ನ ಕೇಳ್ತಾರೆ.

ಕಾಫಿ ರೇಟೂ ಹಾಗೇ. ರೊಬಸ್ಟಾ ದರ ಲಂಡನ್ನಲ್ಲಿ ಟನ್ನಿಗೆ ಡಾಲರ್ ಲೆಕ್ಕ, ಅರೇಬಿಕಾ ದರ ನ್ಯೂಯಾರ್ಕಲ್ಲಿ ತೂಕದ ಪೌಂಡಿಗೆ ಅಮೆರಿಕನ್ ಸೆಂಟ್ಸ್ ಲೆಕ್ಕ. ಊರಲ್ಲಿ ವ್ಯಾಪಾರ ನಡೆಯೋದು 50 ಕೆಜಿ ಚೀಲದ ಲೆಕ್ಕದಲ್ಲಿ. ಆ ದರವನ್ನ ರೂಪಾಯಿಗೆ ಇಳಿಸಿ ವಾರಕ್ಕೊಂದು ಸಲ ಕಳಿಸಿ. ಅದೇ ರೇಟು ಊರಲ್ಲಿ ಸಿಗಲ್ಲ ಅನ್ನೋದು ನೆನಪಿರಲಿ. ಔಟ್‌ಟರ್ನ್ (ಒಣ ಕಾಯಿಯಿಂದ ಸಿಗೋ ಬೀಜದ ತೂಕ), ತೇವ, ವ್ಯಾಪಾರಿಯ ಕಡಿತ ಎಲ್ಲಾ ಇದೆ. ಆ ವ್ಯತ್ಯಾಸದ ಬಗ್ಗೆ ಅಪ್ಪ ಅರ್ಧ ಗಂಟೆ ಬೈದ್ರೆ ಬೈಲಿ. ‘ಊಟ ಆಯ್ತಾ’ಗಿಂತ ಅದು ಎಷ್ಟೋ ವಾಸಿ.

ತೋಟ ಇಲ್ಲದ ಮನೆಗೆ ಬೇರೆ ಕೆಲಸಗಳಿವೆ. ಕರೆಂಟ್ ಬಿಲ್ಲು: ಹಾಸನ ಜಿಲ್ಲೆಯಾದ್ರೆ ಸೆಸ್ಕ್, ಚಿಕ್ಕಮಗಳೂರಾದ್ರೆ ಮೆಸ್ಕಾಂ, ಎರಡನ್ನೂ ಎಲ್ಲಿ ಕೂತಾದ್ರೂ ಕಟ್ಟಬಹುದು. ವರ್ಷಕ್ಕೆ ಎರಡು ಸಲ ಭೂಮಿ ಪೋರ್ಟಲ್‌ನಲ್ಲಿ ಪಹಣಿ ತೆಗೆದು ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಸರಿ ಇದೆಯಾ ನೋಡೋದು. ಎಲ್ಲಕ್ಕಿಂತ ಒಳ್ಳೇದು ಅಮ್ಮನ ಮಾತ್ರೆಗಳ ಲೆಕ್ಕ. ಬಿಪಿ, ಶುಗರ್ ಮಾತ್ರೆ ಹತ್ತು ದಿನಕ್ಕೆ ಉಳಿದಾಗ ಮೆಡಿಕಲ್ ಅಂಗಡಿಗೆ ನೀವೇ ಮೆಸೇಜ್ ಹಾಕಿ, ಮಳೆಗಾಲದಲ್ಲಿ ಇಪ್ಪತ್ತು ದಿನ ಇರುವಾಗಲೇ. ಹೊಸ ಸ್ಟ್ರಿಪ್ ಬಂದಾಗ ಅದರ ಹಿಂಬದಿಯ ಫೋಟೋ ತರಿಸ್ಕೊಳ್ಳಿ. ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ರೆ, ಅಮ್ಮ ಹಳೇದು ಹೊಸದು ಎರಡನ್ನೂ ನುಂಗೋದುಂಟು.

ಇದರಲ್ಲೂ ಒಂದು ಅಪಾಯ ಇದೆ. ದೂರದಿಂದ ಕೆಲಸ ಮಾಡೋದು ಮೆಲ್ಲಗೆ ದೂರದಿಂದ ಯಜಮಾನಿಕೆ ಮಾಡೋದಾಗಿ ತಿರುಗುತ್ತೆ. ನಡುಮನೆಯಲ್ಲಿ ಕ್ಯಾಮೆರಾ ಹಾಕಿಸಿ, ‘ಅಮ್ಮಾ, ಹಾಸಿಗೆಯಿಂದ ಯಾಕಿನ್ನೂ ಎದ್ದಿಲ್ಲ’ ಅಂತ ಕೇಳೋ ಮಕ್ಕಳಿದ್ದಾರೆ. ಕ್ಯಾಮೆರಾ ಗೇಟಿಗೆ, ಅಂಗಳಕ್ಕೆ ಸಾಕು. ಮನೆ ಒಳಗೆ ಬೇಡ.

ಇನ್ನು ಫೋನು, ನೆಟ್‌ವರ್ಕ್. ಮಲೆನಾಡಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋಗೋದು ಮಾಮೂಲು. ಕರೆಂಟ್ ಹೋದ ತಕ್ಷಣ ವೈಫೈ ಸಾಯೋದಕ್ಕೆ ಬಹಳ ಸಲ ಕಾರಣ ಕೇಬಲ್ ಅಲ್ಲ, ರೂಟರಿಗೆ ಕರೆಂಟ್ ಇಲ್ಲ, ಅಷ್ಟೇ. ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್, ಆಂಪಿಯರ್ ನೋಡಿ ಅದಕ್ಕೆ ಹೊಂದೋ ಮಿನಿ ಯುಪಿಎಸ್ ತಂದಿಡಿ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ರೆ ಎರಡಕ್ಕೂ ಬೇಕು. ಆದ್ರೆ ಕೇಬಲ್ಲೇ ತುಂಡಾದ್ರೆ, ಟವರಿನ ಬ್ಯಾಟರಿಯೂ ಖಾಲಿಯಾದ್ರೆ, ಯಾವ ಉಪಾಯವೂ ನಡೆಯಲ್ಲ. ಅದಕ್ಕೆ ಒಂದು ಒಪ್ಪಂದ ಇರಲಿ: ಮಳೆಗಾಲದಲ್ಲಿ ಎರಡು ದಿನ ಸುದ್ದಿ ಇಲ್ಲ ಅಂದ್ರೆ ಗಾಬರಿ ಬೀಳೋದಿಲ್ಲ, ಮೂರನೇ ದಿನ ಪೇಟೆಯಲ್ಲಿರೋ ಇಂಥವರು ಹೋಗಿ ನೋಡ್ಕೊಂಡು ಬರ್ತಾರೆ. ಆ ‘ಇಂಥವರು’ ಯಾರು ಅಂತ ಹೊರಡೋ ಮುಂಚೆಯೇ ಗೊತ್ತಾಗಿರಬೇಕು.

ಕಾಲ್ ವಾರಕ್ಕೆ ಎರಡು ಸಾಕು, ಆದ್ರೆ ದಿನ, ಹೊತ್ತು ಗೊತ್ತಿರಲಿ. ಇಲ್ಲೊಂದು ಸಣ್ಣ ವಿಷಯ ಬಹಳ ಮನೆಗಳಲ್ಲಿ ಕಣ್ಣೀರು ಹಾಕಿಸುತ್ತೆ. ಯೂರೋಪಲ್ಲಿ ಮಾರ್ಚ್, ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಬದಲಾಗುತ್ತೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಎಂಟಕ್ಕೆ ಬರ್ತಿದ್ದ ಫೋನು ಒಂಬತ್ತಕ್ಕೆ ಬಂದ್ರೆ, ಆ ಒಂದು ಗಂಟೆಯಲ್ಲಿ ಅಮ್ಮ ಹರಕೆ ಹೊತ್ತು ಮುಗಿಸಿರ್ತಾರೆ. ಈ ತಾರೀಖುಗಳನ್ನ ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿ ಹೋಗಿ.

ಅದೇ ಕ್ಯಾಲೆಂಡರ್ ಪಕ್ಕ ಇನ್ನೊಂದು ಚೀಟಿ: 1930, ಸೈಬರ್ ವಂಚನೆಗೆ ಸಹಾಯವಾಣಿ. ‘ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದಾನೆ, ತಕ್ಷಣ ದುಡ್ಡು ಹಾಕಿ’ ಅನ್ನೋ ಕರೆಗಳು ಹೊರದೇಶದಲ್ಲಿ ಮಕ್ಕಳಿರೋ ಮನೆಗಳನ್ನೇ ಹುಡುಕಿ ಬರ್ತವೆ. ಮನೆಯವರಿಗೆ ಮಾತ್ರ ಗೊತ್ತಿರೋ ಒಂದು ಗುಟ್ಟಿನ ಪದ ಇಟ್ಕೊಳ್ಳಿ, ಹಳೇ ಹಸುವಿನ ಹೆಸರಾದ್ರೂ ಸರಿ. ಆ ಪದ ಹೇಳದವನಿಗೆ ಒಂದು ರೂಪಾಯಿಯೂ ಹೋಗಬಾರದು.

ಕಾಗದಪತ್ರ ಬೇಗ ಮುಗಿಸ್ತೀನಿ. ಆಸ್ತಿ, ಬ್ಯಾಂಕ್ ಕೆಲಸಕ್ಕೆ ಯಾರಿಗಾದ್ರೂ ಪವರ್ ಆಫ್ ಅಟಾರ್ನಿ ಕೊಡೋದಿದ್ರೆ ಇಲ್ಲೇ ಕೊಟ್ಟು ಹೋಗಿ. ಅಲ್ಲಿಂದ ಮಾಡಿದ್ರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತೆ. ಇಂಥಾ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಬರೆಸಿ, ‘ಎಲ್ಲಾ ಅಧಿಕಾರ’ ಬೇಡ. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಹುಟ್ಟೋದೇ ಅಲ್ಲಿ. ಅನಿವಾಸಿ ಆದ ಮೇಲೆ ಸೇವಿಂಗ್ಸ್ ಖಾತೆಯನ್ನ ಎನ್‌ಆರ್‌ಒ (ಊರಿನ ಆದಾಯಕ್ಕೆ ಅನಿವಾಸಿಗಳು ಇಡೋ ಖಾತೆ) ಮಾಡಿಸಬೇಕು. ಊರಿನ ಸಿಮ್ ಬಳಕೆ ಇಲ್ಲದೆ 90 ದಿನ ಕಳೆದ್ರೆ ನಂಬರ್ ಕೈತಪ್ಪಬಹುದು, ಆಧಾರ್ ಒಟಿಪಿ ಬರೋದು ಆ ನಂಬರಿಗೇ.

ಸ್ನೇಹಿತರ ವಿಷಯಕ್ಕೆ ಬರೋಣ. ಮನೆಯವರ ಲೆಕ್ಕ ಇಲ್ಲಿ ನಡೆಯಲ್ಲ. ಹತ್ತು ಜನರ ಗ್ರೂಪು ಆರೇ ತಿಂಗಳಲ್ಲಿ ಗುಡ್ ಮಾರ್ನಿಂಗ್ ಗ್ರೂಪ್ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಎರಡು ಮೂರು ಜನ ಉಳಿದ್ರೆ ಅದೇ ದೊಡ್ಡದು. ಅವರಿಗೆ ಹೊತ್ತು ಗೊತ್ತು ಮಾಡಬೇಡಿ. ವಾಯ್ಸ್ ಮೆಸೇಜ್ ಹಾಕಿ, ಉತ್ತರ ನಾಲ್ಕು ದಿನ ಬಿಟ್ಟು ಬಂದ್ರೂ ಸರಿ. ಸ್ನೇಹ ಕೆಡೋದು ಮೌನದಿಂದ ಅಲ್ಲ, ಚಾಕರಿಯಿಂದ. ‘ಸ್ವಲ್ಪ ಅಪ್ಪನ್ನ ಹಾಸನಕ್ಕೆ ಕರ್ಕೊಂಡು ಹೋಗೋ’, ‘ಸ್ವಲ್ಪ ನಾಡಕಚೇರಿಗೆ ಹೋಗಿ ಬಾರೋ’. ಅವನು ‘ಅಯ್ಯೋ ಇರ್ಲಿ ಮಾರಾಯ’ ಅಂತಾನೆ, ಪೆಟ್ರೋಲ್ ದುಡ್ಡೂ ಮುಟ್ಟಲ್ಲ, ಮೂರನೇ ಸಲ ಫೋನ್ ಎತ್ತಲ್ಲ. ಓಡಾಟಕ್ಕೆ ಗುರುತಿನ ಟ್ಯಾಕ್ಸಿಯವರನ್ನ ಗೊತ್ತು ಮಾಡಿ, ತಿಂಗಳಿಗೆ ಲೆಕ್ಕ ಮಾಡಿ ದುಡ್ಡು ಕೊಡಿ. ಸ್ನೇಹಿತನನ್ನ ಕೇಳೋದು ನಿಜವಾದ ಆಪತ್ತಿಗೆ ಮಾತ್ರ.

ಆ ಆಪತ್ತಿನ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಡಲ್ಲ. ‘ಎಲ್ಲಾ ಆರಾಮು’ ಅನ್ನೋದು ಎರಡೂ ಕಡೆಯ ಸುಳ್ಳು. ಅಪ್ಪನಿಗೆ ಸ್ಟೆಂಟ್ ಹಾಕಿದ್ದು ಮಗನಿಗೆ ಗೊತ್ತಾಗೋದು ಒಂದು ತಿಂಗಳಾದ ಮೇಲೆ. ಅಲ್ಲಿಂದ ಮುಂದೆ ಅವನು ಯಾವ ‘ಆರಾಮು’ ಅನ್ನೂ ನಂಬಲ್ಲ, ಫೋನ್ ರಿಂಗ್ ಆದಾಗೆಲ್ಲ ಎದೆ ಧಸಕ್ ಅನ್ನುತ್ತೆ. ಆಸ್ಪತ್ರೆಗೆ ಸೇರಿಸಿದ ದಿನವೇ ಹೇಳೋದು ಅಂತ ಇಬ್ಬರೂ ಮಾತು ಕೊಟ್ಟುಕೊಳ್ಳಿ, ನಿಮ್ಮ ಕಾಯಿಲೆಗೂ ಅದೇ ನಿಯಮ.

108 ಅನ್ನ ಹೊರದೇಶದಿಂದ ಡಯಲ್ ಮಾಡೋಕಾಗಲ್ಲ. ಆಸ್ಪತ್ರೆಯ ಲ್ಯಾಂಡ್‌ಲೈನ್, ಆಂಬ್ಯುಲೆನ್ಸ್ ಡ್ರೈವರ್ ಮೊಬೈಲ್ ನಂಬರ್ ನಿಮ್ಮ ಹತ್ರ ಇರಬೇಕು. ಹಾಸನದ ಕೋಡ್ 08172, ಚಿಕ್ಕಮಗಳೂರಿನದ್ದು 08262. ಹೊರಗಿನಿಂದ ಮಾಡುವಾಗ ಮುಂದಿನ ಸೊನ್ನೆ ಬಿಟ್ಟು +91 ಹಾಕಿ. ದೊಡ್ಡಾಸ್ಪತ್ರೆ ಅಂತ ಬಂದ್ರೆ ಮಂಗಳೂರಾ, ಬೆಂಗಳೂರಾ, ಮೈಸೂರಾ ಅನ್ನೋದನ್ನ ಮೊದಲೇ ಮಾತಾಡಿ. ಜುಲೈಯಲ್ಲಿ ಗುಡ್ಡ ಕುಸಿದು ಶಿರಾಡಿಯೋ ಚಾರ್ಮಾಡಿಯೋ ಬಂದ್ ಆಗಿದ್ರೆ ಮಂಗಳೂರು ಅನ್ನೋ ಮಾತೇ ಇಲ್ಲ. ಸಹಿ ಹಾಕೋರು ಯಾರು ಅನ್ನೋದೂ ತೀರ್ಮಾನ ಆಗಿರಲಿ. ರಾತ್ರಿ ಎರಡು ಗಂಟೆಗೆ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ನಿಮ್ಮ ಒಪ್ಪಿಗೆಗೆ ಕಾಯ್ತಾ ನಿಲ್ಲೋ ಹಾಗಾಗಬಾರದು.

ಸಾವಿನ ಮಾತೂ ಆಡಲೇಬೇಕು. ನೇರ ವಿಮಾನ ಸಿಕ್ಕಿದ್ರೂ ದೇವನಹಳ್ಳಿಯಿಂದ ಮೂಡಿಗೆರೆ ಮುಟ್ಟೋಕೆ ಮತ್ತೆ ಆರು ಗಂಟೆ. ಅಮೆರಿಕದಿಂದಾದ್ರೆ ಒಂದೂವರೆ ದಿನ. ಕಾಯಬೇಕಾ, ಬೇಡವಾ? ಇದನ್ನ ಅಪ್ಪ ಅಮ್ಮನ್ನೇ ಕೇಳಿ. ಕೇಳಿದ್ರೆ ಬಹಳ ಜನ ಸಮಾಧಾನವಾಗೇ ಹೇಳ್ತಾರೆ, ‘ಕಾಯಿಸಬೇಡಿ, ಹನ್ನೊಂದನೇ ದಿನಕ್ಕೆ ಬಂದ್ರೆ ಸಾಕು’ ಅಂತ. ಅವರ ಬಾಯಲ್ಲೇ ಬಂದಿದ್ದ ಮಾತು ಅನ್ನೋದು ಆಮೇಲೆ ಮಗನಿಗೆ ದೊಡ್ಡ ಆಸರೆ. ನೆಂಟರ ಬಾಯಿಯೂ ಮುಚ್ಚುತ್ತೆ.

ಬರಬೇಕು ಅಂದಾಗ ಬರೋಕಾಗುತ್ತಾ ಅನ್ನೋದು ವೀಸಾ ಕೈಯಲ್ಲಿದೆ. ಯು.ಕೆ.ಯಲ್ಲಿ ವಿಸ್ತರಣೆ ಅರ್ಜಿ ಬಾಕಿ ಇರುವಾಗ ಊರಿಗೆ ಬಂದ್ರೆ ಅರ್ಜಿ ವಾಪಸ್ ತಗೊಂಡ ಲೆಕ್ಕ. ಜರ್ಮನಿಯಲ್ಲಿ ನವೀಕರಣದ ನಡುವೆ ಕೊಡೋ ತಾತ್ಕಾಲಿಕ ಪತ್ರದಲ್ಲಿ ಅಲ್ಲಿನ ವಾಸ್ತವ್ಯ ಕಾಯ್ದೆಯ 81ನೇ ಕಲಮಿನ ನಾಲ್ಕನೇ ಉಪಕಲಮಿಗೆ ಗುರುತು ಇದ್ರೆ ಹೋಗಿ ವಾಪಸ್ ಬರಬಹುದು, ಮೂರನೆಯದಕ್ಕಿದ್ರೆ ಆಗಲ್ಲ. ಅಮೆರಿಕದಲ್ಲಿ ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಅವಧಿ ಮುಗಿದಿದ್ರೆ ಬರೋಕೆ ಅಡ್ಡಿಯಿಲ್ಲ, ಹೊಸ ಸ್ಟಾಂಪ್ ಆಗದೆ ವಾಪಸ್ ಹೋಗೋಕಾಗಲ್ಲ. ಮನೆಯಲ್ಲಿ ವಯಸ್ಸಾದವರಿದ್ರೆ ನವೀಕರಣಕ್ಕೆ ಕೊನೇ ವಾರದವರೆಗೆ ಕಾಯಬೇಡಿ.

ಹೋದ ಜಾಗದಲ್ಲಿ ಮೊದಲ ಮೂರು ತಿಂಗಳು ಕಷ್ಟ. ಅಕ್ಟೋಬರಲ್ಲಿ ಜರ್ಮನಿಗೆ ಓದೋಕೆ ಹೋದವರಿಗೆ ಡಿಸೆಂಬರ್ ಹೊತ್ತಿಗೆ ಸಂಜೆ ನಾಲ್ಕೂವರೆಗೇ ಕತ್ತಲು. ಊರಿನ ನೆನಪು ಅರ್ಧ, ಬಿಸಿಲಿಲ್ಲದ್ದು ಇನ್ನರ್ಧ. ಮಧ್ಯಾಹ್ನ ಹೊರಗೆ ನಡೀರಿ. ಕನ್ನಡ ಸಂಘಕ್ಕೆ ಹೋಗಿ, ಯು.ಕೆ.ಯಲ್ಲಿ ಕನ್ನಡ ಬಳಗ 1983ರಿಂದ ಇದೆ, ಆದ್ರೆ ಯುಗಾದಿಗೊಂದು ರಾಜ್ಯೋತ್ಸವಕ್ಕೊಂದು ಭೇಟಿಯಿಂದ ಗೆಳೆತನ ಬೆಳೆಯಲ್ಲ. ಪ್ರತಿ ವಾರ ಅದೇ ಹೊತ್ತಿಗೆ ಅದೇ ಮುಖಗಳು ಸಿಗೋ ಜಾಗ ಒಂದು ಬೇಕು, ಬ್ಯಾಡ್ಮಿಂಟನ್ನೋ, ಭಾಷೆ ಕಲಿಯೋ ಕ್ಲಾಸೋ.

ಬ್ಯಾಗಿಗೆ ಕಾಫಿಪುಡಿ, ಸಾರಿನಪುಡಿ ಹಾಕ್ಕೊಳ್ಳಿ. ಅರಸೀಕೆರೆ ಕಡೆಯವರು ಕೊಬ್ಬರಿ ತುಂಬಬೇಡಿ. ಎಣ್ಣೆ ಅಂಶದಿಂದ ಬೆಂಕಿ ಹತ್ತೋ ಭಯ, ಚೆಕ್-ಇನ್ ಬ್ಯಾಗಿಂದ ತೆಗೆಸ್ತಾರೆ. ತುಪ್ಪ, ಪೇಡ ಯೂರೋಪಿನ ಒಕ್ಕೂಟದ ದೇಶಗಳಿಗೆ ಒಯ್ಯೋ ಹಾಗಿಲ್ಲ. ಆಸ್ಟ್ರೇಲಿಯಾದಲ್ಲಿ ತಿನ್ನೋ ಪದಾರ್ಥ ಏನೇ ಇದ್ರೂ ಫಾರಂನಲ್ಲಿ ಬರೀಬೇಕು, ಇಲ್ಲಾಂದ್ರೆ ದಂಡ.

ಮೊದಲ ರಜೆಗೆ ಮೂರು ನಾಲ್ಕು ತಿಂಗಳಿಗೇ ಓಡಿ ಬರಬೇಡಿ, ಅಲ್ಲಿ ಆಗ ತಾನೇ ಬೇರು ಬಿಡ್ತಿರುತ್ತೆ. ಬರೋದಾದ್ರೆ ದೀಪಾವಳಿಗಿಂತ ಕೊಯ್ಲಿನ ಡಿಸೆಂಬರ್, ಜನವರಿ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಹಬ್ಬದಲ್ಲಿ ನೀವು ನೆಂಟರು, ಕೊಯ್ಲಲ್ಲಿ ಮನೆಯವರು. ಮೊದಲ ನಾಲ್ಕು ದಿನ ಯಾರ ಮನೆಗೂ ಊಟಕ್ಕೆ ಒಪ್ಪಬೇಡಿ. ಹೊರಡೋ ದಿನ ಇಡೀ ಮನೆ ಏರ್‌ಪೋರ್ಟಿಗೆ ಬರೋದು ಬೇಡ, ಬೀಳ್ಕೊಡುಗೆ ಅಂಗಳದಲ್ಲೇ ಮುಗೀಲಿ. ಬಹಳ ವಿಮಾನಗಳು ಮಧ್ಯರಾತ್ರಿ ಆಚೀಚೆ ಹೊರಡ್ತವೆ. ಆಮೇಲೆ ಅತ್ತು ಸುಸ್ತಾದ ಅಪ್ಪ ಅಮ್ಮ, ನಿದ್ದೆಗೆಟ್ಟ ಡ್ರೈವರ್ ಜೊತೆ ನಾಲ್ಕೈದು ಗಂಟೆ ಹೆದ್ದಾರಿಯಲ್ಲಿ ವಾಪಸ್ ಬರಬೇಕು. ಬರಲೇಬೇಕು ಅಂತ ಹಠ ಹಿಡಿದ್ರೆ, ಆ ರಾತ್ರಿ ಬೆಂಗಳೂರಲ್ಲಿ ಯಾರ ಮನೆಯಲ್ಲಾದ್ರೂ ಉಳಿದು ಬೆಳಿಗ್ಗೆ ತಿಂಡಿ ತಿಂದು ಹೊರಡಲಿ.